ರಸ್ತೆಯಲ್ಲಿ ಆಸಿಡ್ ಚೆಲ್ಲಿದರೆ ಹಳ್ಳದ ಕೆಳಗಿನವರಿಗೆ ಹೇಳುವವರು ಯಾರು?

ಹಳ್ಳದಂಚಿನ ತೋಟ, ಹೊಸನಗರ ಕಡೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ. ಗೊತ್ತಿದ್ದವರು ಉತ್ತರ ಹೇಳಿ.

ಕಳೆದ ಮಳೆಗಾಲದ ಮಾತು. ನಮ್ಮ ಮನೆ ಘಟ್ಟದ ರಸ್ತೆಗಿಂತ ಕೆಳಗಿದೆ, ಇಳಿದು ಬಂದರೆ ಹತ್ತು ನಿಮಿಷ. ರಸ್ತೆಯ ಮೋರಿಯಿಂದ ಇಳಿಯುವ ಹಳ್ಳ ನಮ್ಮ ತೋಟದ ಅಂಚಿನಲ್ಲೇ ಹರಿಯುತ್ತದೆ. ಬಾವಿ ಇರುವುದೂ ಅದರ ಪಕ್ಕದಲ್ಲೇ. ಮಳೆಗಾಲದಲ್ಲಿ ಬಚ್ಚಲಿಗೂ ಕೊಟ್ಟಿಗೆಗೂ ಹಳ್ಳದ ನೀರನ್ನೇ ಪೈಪಿನಲ್ಲಿ ತಂದುಕೊಳ್ಳುತ್ತೇವೆ.

ಅವತ್ತು ಬೆಳಗ್ಗೆ ಮಗಳು ಮುಖ ತೊಳೆದು ಕಣ್ಣು ಉರಿ ಅಂತ ಅಳೋಕೆ ಶುರು ಮಾಡಿದಳು. ಸೋಪು ಹೋಗಿರಬೇಕು ಅಂದುಕೊಂಡೆವು. ಆಮೇಲೆ ಹಳ್ಳಕ್ಕೆ ಹೋಗಿ ನೋಡಿದರೆ ಏಡಿಗಳು ನೀರು ಬಿಟ್ಟು ಕಲ್ಲು ಹತ್ತಿ ಅಲ್ಲಲ್ಲೇ ಸತ್ತು ಬಿದ್ದಿದ್ದವು. ಸಣ್ಣ ಮೀನುಗಳು ಹೊಟ್ಟೆ ಮೇಲಾಗಿ ಬೇರಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದವು. ದಡದ ಜರಿಗಿಡ ಆ ಜಡಿಮಳೆಯಲ್ಲೂ ಬೆಂಕಿ ತಾಗಿದ ಹಾಗೆ ಕಂದಿಹೋಗಿತ್ತು.

ಎಂಟು ಗಂಟೆಗೆ ಹಾಲಿನ ಗಾಡಿಯವನು ಹೇಳಿದ. ಮೇಲಿನ ತಿರುವಿನಲ್ಲಿ ರಾತ್ರಿ ಎರಡೂವರೆಗೆ ಟ್ಯಾಂಕರ್ ಮಗುಚಿದೆಯಂತೆ. ರಸ್ತೆ ಪಕ್ಕದ ಮನೆಯವರು ಬಿಳಿ ಹೊಗೆ ನೋಡಿದ್ದರು, ಮಂಜು ಅಂತ ಸುಮ್ಮನಾಗಿದ್ದರು. ನಮ್ಮಲ್ಲಿ ಆ ಹೊತ್ತಿಗೆ ಮಂಜು ಇರೋದೇ ಅಲ್ವಾ. ಗಾಡಿಯವರ ಕಡೆಯವರು ಬೆಳಗಾಗುವ ಮೊದಲೇ ಜೀಪಿನಲ್ಲಿ ಬಂದು ನಾಲ್ಕೈದು ಚೀಲ ಸುಣ್ಣ ಚೆಲ್ಲಿದ್ದಾರೆ. ಕೆಳಗೆ ಇಳಿದು ಬಂದು ನಮ್ಮ ಯಾರ ಮನೆ ಬಾಗಿಲನ್ನೂ ತಟ್ಟಿಲ್ಲ. ನಾನು ಹೋಗಿ ಕೇಳಿದ್ದಕ್ಕೆ ಒಬ್ಬರು ಹೇಳಿದ್ದು, "ಸ್ವಲ್ಪ ಚೆಲ್ಲಿದೆ ಅಷ್ಟೆ, ಮಳೆಗೆ ತೊಳೆದು ಹೋಗುತ್ತೆ." ತೊಳೆದು ಹೋಗೋದು ನಮ್ಮ ಬಾವಿಗೆ ತಾನೇ?

ಭಾವನ ಮಗ ಟ್ಯಾಂಕರಿನ ಫೋಟೋ ತೆಗೆದಿದ್ದ. ಹಿಂದೆ ಒಂದು ಫಲಕದಲ್ಲಿ 1789 ಅಂತ ಇದೆ, ಪಕ್ಕದಲ್ಲಿ ಕೈ ಮೇಲೆ ಏನೋ ತೊಟ್ಟಿಕ್ಕುವ ಚಿತ್ರ. ಮಧ್ಯಾಹ್ನ ಹಳ್ಳದ ನೀರನ್ನು ಪರಿಚಯದ ಲ್ಯಾಬಿನವರ ಹತ್ತಿರ ತೋರಿಸಿದಾಗ ಪಿಎಚ್ (ನೀರಿನಲ್ಲಿ ಆಮ್ಲ ಎಷ್ಟಿದೆ ಅಂತ ಹೇಳುವ ಅಳತೆ) 3 ಇತ್ತು.

ನನ್ನ ಪ್ರಶ್ನೆ ಒಂದೇ. ಇಂಥದ್ದು ಚೆಲ್ಲಿದಾಗ ಯಾರಿಗಾದರೂ ಹೇಳಲೇಬೇಕು ಅಂತ ಕಾನೂನು ಇದೆಯಾ? ಇದ್ದರೆ ಯಾರು, ಯಾರಿಗೆ, ಎಷ್ಟು ಹೊತ್ತಿನೊಳಗೆ?

ಹಳೇ ಸ್ಟಿಯರಿಂಗ್, ಭದ್ರಾವತಿ

ಅಣ್ಣ, ನಾನು 19 ವರ್ಷ ಟ್ಯಾಂಕರ್ ಓಡಿಸಿದವನು. ಓದಿ ಮನಸ್ಸಿಗೆ ತುಂಬಾ ಕಷ್ಟ ಆಯಿತು. 1789 ಅಂದರೆ ಹೈಡ್ರೋಕ್ಲೋರಿಕ್ ಆಸಿಡ್. ತೇವದ ಗಾಳಿ ತಾಗಿದರೆ ಬಿಳಿ ಹೊಗೆ ಬರುತ್ತದೆ, ಮಂಜು ಅಂತ ಮೋಸ ಹೋಗೋದು ಸಹಜ. ಮೂಗು ಗಂಟಲು ಉರಿದರೆ ಅದು ಮಂಜಲ್ಲ ಅಂತ ತಿಳಿಯಿರಿ, ಗಾಳಿ ಯಾವ ಕಡೆಯಿಂದ ಬರುತ್ತಿದೆಯೋ ಆ ಕಡೆಗೆ, ಎತ್ತರದ ಜಾಗಕ್ಕೆ ಹೋಗಿ.

ಕಾನೂನು ಇದೆ. ನಮಗೆ ಮೂರು ದಿನದ ತರಬೇತಿ ಕೊಡುತ್ತಾರೆ, ಅಪಾಯಕಾರಿ ಸರಕಿನ ಗಾಡಿ ಓಡಿಸೋಕೆ ಲೈಸೆನ್ಸಿನಲ್ಲಿ ಅದರ ನಮೂದು ಬೇಕು. ಅಲ್ಲಿ ಬಾಯಿಪಾಠ ಮಾಡಿಸಿದ್ದು ಇದನ್ನೇ. ಕೇಂದ್ರ ಮೋಟಾರು ವಾಹನ ನಿಯಮ 1989, ನಿಯಮ 136. ಅಪಘಾತ ಆದ ಕೂಡಲೇ ಚಾಲಕ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಬೇಕು, ಗಾಡಿ ಮಾಲೀಕನಿಗೂ ತಿಳಿಸಬೇಕು. ಮಾಲೀಕ ಬರುವ ತನಕ ಕಾಯಬೇಕು ಅಂತ ಎಲ್ಲೂ ಇಲ್ಲ.

ಆದರೆ ರಸ್ತೆಯಲ್ಲಿ ನಡೆಯೋದು ಬೇರೆ. ಗಾಡಿ ಮಗುಚಿತು, ಮೊದಲ ಫೋನು ಮಾಲೀಕನಿಗೆ. ಆ ಕಡೆಯಿಂದ "ನಾನು ಬರೋ ತನಕ ಯಾರಿಗೂ ಹೇಳಬೇಡ" ಅನ್ನುವ ಮಾತು. ನಾನೇ ಕೇಳಿದ್ದೇನೆ ಆ ಮಾತನ್ನ. ಒಮ್ಮೆ ಕಾಸ್ಟಿಕ್ ಲೈ (ಚರ್ಮ ಸುಡುವ ಕ್ಷಾರದ ದ್ರಾವಣ) ಗಾಡಿಯ ವಾಲ್ವ್ ಸೋರಿದಾಗ ಎರಡು ತಾಸು ರಸ್ತೆ ಬದಿಯಲ್ಲಿ ಕೂತಿದ್ದೆ, ಠಾಣೆಗೆ ಫೋನ್ ಮಾಡಲಿಲ್ಲ. ಕೆಳಗೆ ಗದ್ದೆ ಇತ್ತು. ಇವತ್ತಿಗೂ ಆ ಗದ್ದೆ ಕಣ್ಣಿಗೆ ಕಟ್ಟುತ್ತದೆ.

ಇನ್ನೊಂದು ಮಾತು. ಚಾಲಕನ ಹತ್ತಿರ ಟ್ರೆಮ್ ಕಾರ್ಡ್ ಅಂತ ಒಂದು ಹಾಳೆ ಇರುತ್ತದೆ. ಗಾಡಿಯಲ್ಲಿ ಏನಿದೆ, ಚೆಲ್ಲಿದರೆ ಏನು ಮಾಡಬೇಕು, ಕಣ್ಣಿಗೆ ಬಿದ್ದರೆ ಏನು, ಎಲ್ಲ ಅದರಲ್ಲಿದೆ. ಅಪಘಾತ ನೋಡಿದವರು ಚಾಲಕನ ಮೇಲೆ ಕೈ ಮಾಡಬೇಡಿ, ದಯವಿಟ್ಟು. ಹೊಡೆತದ ಭಯಕ್ಕೇ ನಮ್ಮವರು ಓಡಿಹೋಗೋದು. ಅವನು ಓಡಿದರೆ ಆ ಹಾಳೆಯೂ ಹೋಯಿತು, ಒಳಗೇನಿದೆ ಅಂತ ಹೇಳುವ ಮನುಷ್ಯನೂ ಹೋದ.

ಕರಿಕೋಟು, ಶಿವಮೊಗ್ಗ

ಮೇಲಿನವರು ಹೇಳಿದ್ದು ಸರಿ. ನಾನು ವಕೀಲಿ ಮಾಡುವವಳು, ಉಳಿದದ್ದನ್ನು ಬರೆಯುತ್ತೇನೆ. ನಮ್ಮ ಕಾನೂನಿನಲ್ಲಿ ಇದು ಒಂದೇ ಕಡೆ ಇಲ್ಲ, ನಾಲ್ಕೈದು ಕಡೆ ಚದುರಿದೆ. ಅದೇ ದೊಡ್ಡ ತೊಂದರೆ.

ಹೊಸನಗರದ ಅಣ್ಣ, ನಿಮ್ಮ ವಿಷಯಕ್ಕೆ ಹತ್ತಿರದ್ದು ಪರಿಸರ ಸಂರಕ್ಷಣಾ ಕಾಯ್ದೆ 1986, ಕಲಂ 9. ಅಪಘಾತದಿಂದ ಮಿತಿ ಮೀರಿ ಮಾಲಿನ್ಯದ ವಸ್ತು ಹೊರಗೆ ಹೋದರೆ, ಅಥವಾ ಹೋಗುವ ಸಂಭವ ಇದ್ದರೆ, ಅದಕ್ಕೆ ಕಾರಣರಾದವರು ಮತ್ತು ಆ ಜಾಗದ ಉಸ್ತುವಾರಿ ಇರುವವರು ಕೂಡಲೇ ತಿಳಿಸಬೇಕು. ಹರಡದ ಹಾಗೆ ತಡೆಯುವುದೂ ಅವರದೇ ಹೊಣೆ. ಯಾರಿಗೆ ತಿಳಿಸಬೇಕು ಅನ್ನೋದು 1986ರ ನಿಯಮಗಳಲ್ಲಿ ನಿಯಮ 12ರಲ್ಲಿದೆ: ಜಿಲ್ಲೆಯಲ್ಲಿ ವಿಕೋಪ ಪರಿಹಾರ ನೋಡಿಕೊಳ್ಳುವ ಅಧಿಕಾರಿ, ಮಾಲಿನ್ಯ ನಿಯಂತ್ರಣ ಮಂಡಳಿ ಮತ್ತು ಅದರ ಪ್ರಾದೇಶಿಕ ಅಧಿಕಾರಿ. "ಸಂಭವ ಇದ್ದರೆ" ಅನ್ನುವ ಆ ಎರಡು ಪದ ಗಟ್ಟಿಯಾಗಿ ಹಿಡಿದುಕೊಳ್ಳಿ. ಮೀನು ಸಾಯುವ ತನಕ ಕಾಯುವಂತಿಲ್ಲ. ಟ್ಯಾಂಕರ್ ಹಳ್ಳದ ಮೇಲೆ ಮಗುಚಿದೆ ಅಂದರೆ ಸಾಕು, ಹೇಳುವ ಹೊಣೆ ಆ ನಿಮಿಷದಿಂದಲೇ ಶುರು.

ಮಿತಿ ಅಂದರೆ ಎಷ್ಟು ಅಂತ ಕೇಳಬಹುದು. ಹೊರಗೆ ಬಿಡುವ ಕೊಳಚೆ ನೀರಿನ ಪಿಎಚ್ 5.5ರಿಂದ 9 ಇರಬೇಕು. ಕುಡಿಯುವ ನೀರಿಗೆ 6.5ರಿಂದ 8.5. ನಿಮ್ಮ ಹಳ್ಳದಲ್ಲಿ 3. ಪಿಎಚ್ ಒಂದು ಅಂಕೆ ಇಳಿದರೆ ಆಮ್ಲ ಹತ್ತು ಪಟ್ಟು ಜಾಸ್ತಿ ಅಂತ ಲೆಕ್ಕ, ಹಾಗಾಗಿ 6ರಿಂದ 3ಕ್ಕೆ ಬಂದರೆ ಸಾವಿರ ಪಟ್ಟು.

ಜಲ ಕಾಯ್ದೆ 1974ರ ಕಲಂ 31 ಕೂಡ ಇದೆ. ಅಪಘಾತದಿಂದ ವಿಷದ ವಸ್ತು ಹಳ್ಳಕ್ಕೋ ಬಾವಿಗೋ ನೆಲಕ್ಕೋ ಹೋಗಿ ನೀರು ಕೆಟ್ಟರೆ, ಕೆಡುವ ಹಾಗಿದ್ದರೆ, ಕೂಡಲೇ ಮಂಡಳಿಗೆ ತಿಳಿಸಬೇಕು. ಆದರೆ ಅದು "ಉದ್ಯಮ ಅಥವಾ ಕಾರ್ಯಾಚರಣೆ ನಡೆಯುವ ಜಾಗ" ಅನ್ನುತ್ತದೆ. ರಸ್ತೆ ಮೇಲಿನ ಗಾಡಿಗೆ ಇದು ಹೊಂದುತ್ತದಾ ಅಂತ ಎದುರಿನವರು ವಾದ ಮಾಡಬಹುದು. ಅದಕ್ಕೇ ಕಲಂ 9 ಮುಂದಿಡಿ, 31 ಜೊತೆಗಿರಲಿ.

ಕೆಲವರು 48 ಗಂಟೆ ಟೈಮ್ ಇದೆ ಅಂತಾರೆ. ಅದು ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ದಾಸ್ತಾನು ಮತ್ತು ಆಮದು ನಿಯಮಗಳು 1989, ನಿಯಮ 5. ಕಾರ್ಖಾನೆ ಆವರಣದಲ್ಲಿ ಅಥವಾ ಪೈಪ್‌ಲೈನಿನಲ್ಲಿ ಆಗುವ ದೊಡ್ಡ ಅಪಘಾತಕ್ಕೆ ಮಾತ್ರ. ಘಟ್ಟದ ರಸ್ತೆಗೆ ಆ 48 ಗಂಟೆ ಇಲ್ಲ. ಅಲ್ಲಿ ಇರುವ ಪದ "ಕೂಡಲೇ".

ಯಂತ್ರದ ಸದ್ದು, ಶಿವಮೊಗ್ಗ

ನಾನು ಸಣ್ಣ ಕಾರ್ಖಾನೆ ನಡೆಸುವವನು. ತೋಟದವರಿಗೆ ಆದದ್ದು ತಪ್ಪು, ಎರಡು ಮಾತಿಲ್ಲ. ಆದರೆ ಒಂದು ಕ್ಯಾನ್ ಉರುಳಿದರೂ ಮಂಡಳಿಗೆ ಫೋನ್ ಮಾಡಬೇಕಾ? ಪರವಾನಗಿಗೆ ಕೈ ಹಾಕುತ್ತಾರೆ ಅನ್ನೋ ಭಯ ನಮಗೆ ನಿಜವಾಗಿ ಇದೆ. ಮೂವತ್ತು ಜನರ ಸಂಬಳದ ಪ್ರಶ್ನೆ. ದೊಡ್ಡ ಅಪಘಾತ ಅಂದರೆ ಯಾವುದು ಅಂತ ಸರಿಯಾಗಿ ಹೇಳಿ.

ಸೇಫ್ಟಿ ಹೆಲ್ಮೆಟ್

ಸರ್, ನಾನು ಸೇಫ್ಟಿ ವಿಭಾಗದಲ್ಲಿ ಕೆಲಸ ಮಾಡಿದವನು, ಉತ್ತರ ಹೇಳುತ್ತೇನೆ. ವಕೀಲರು ಹೇಳಿದ ಆ ಅಪಾಯಕಾರಿ ರಾಸಾಯನಿಕಗಳ 1989ರ ನಿಯಮದಲ್ಲೇ ದೊಡ್ಡ ಅಪಘಾತ ಅಂದರೆ ಏನು ಅಂತ ಇದೆ. ಒಳಗೆ ಅಥವಾ ಹೊರಗೆ ಒಂದು ಜೀವ ಹೋದರೆ. ಒಳಗೆ ಹತ್ತು ಅಥವಾ ಜಾಸ್ತಿ ಜನಕ್ಕೆ ಗಾಯ ಆದರೆ. ಹೊರಗಾದರೆ ಒಬ್ಬರಿಗೆ ಗಾಯ ಆದರೂ ಸಾಕು. ಸೋರಿಕೆ, ಬೆಂಕಿ, ಸ್ಫೋಟದಿಂದ ತುರ್ತು ಪರಿಸ್ಥಿತಿ ಬಂದರೆ, ಪರಿಸರಕ್ಕೆ ಕೆಟ್ಟದಾದರೆ, ಅವೂ ಸೇರಿದವು. ಒಳಗೆ ಉರುಳಿದ ಕ್ಯಾನ್ ಮರಳು ಹಾಕಿ ಅಲ್ಲೇ ಹಿಡಿದರೆ ಅದು ಬೇರೆ. ಅದೇ ಕ್ಯಾನ್ ಚರಂಡಿಗೆ ಹೋದರೆ ಜಲ ಕಾಯ್ದೆ ಬಂತು. ಅದರಲ್ಲಿ ಇಷ್ಟು ಕೆಜಿ ಅನ್ನೋ ಲೆಕ್ಕವೇ ಇಲ್ಲ.

ಈಗ ನನ್ನದೊಂದು ಅನುಭವ. ಹೆಸರು ಬೇಡ. ಐಸ್ ಮಾಡುವ ಒಂದು ಘಟಕದಲ್ಲಿದ್ದೆ. ಅಮೋನಿಯಾ ಲೈನಿನ ಗ್ಲ್ಯಾಂಡ್ (ಸೋರದ ಹಾಗೆ ಬಿಗಿ ಹಿಡಿಯುವ ಭಾಗ) ಸೋರಿತು. ಅಮೋನಿಯಾ ಗಾಳಿಗಿಂತ ಹಗುರ, ಮೇಲೆ ಹೋಗುತ್ತದೆ ಅಂತ ಎಲ್ಲರೂ ಪುಸ್ತಕದಲ್ಲಿ ಓದಿದ್ದೇವೆ. ಆದರೆ ತಣ್ಣಗಿರುವಾಗ, ತೇವದ ಗಾಳಿಯಲ್ಲಿ, ನೆಲ ಹಿಡಿದು ಹರಿಯುತ್ತದೆ. ಅವತ್ತು ಸಂಜೆ ಸೋನೆ ಮಳೆ. ಬಿಳಿ ಮೋಡದ ಹಾಗೆ ಕಾಂಪೌಂಡ್ ಗೋಡೆಯ ಬುಡದಲ್ಲೇ ತೆವಳಿಕೊಂಡು ಹಿಂದಿನ ಕೇರಿಗೆ ಹೋಯಿತು. ಮೇಲಿನವರು ಕೊಟ್ಟ ಆದೇಶ, ಗೇಟ್ ಹಾಕಿ, ಹೊರಗೆ ಸುದ್ದಿ ಹೋಗಬಾರದು. ಗೇಟ್ ಹಾಕಿದೆವು. ಗ್ಯಾಸಿಗೆ ಗೇಟ್ ಎಲ್ಲಿಯದು? ಒಬ್ಬ ಅಜ್ಜಿ ಮೂರು ದಿನ ಕೆಮ್ಮಿದರು. ಒದ್ದೆ ಬಟ್ಟೆ ಮೂಗಿಗೆ ಹಿಡಿದು ಗಾಳಿಗೆ ಅಡ್ಡ ನಡೆಯಿರಿ ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಹೇಳಲಿಲ್ಲ. ಮುಂದಿನ ತಿಂಗಳು ಕೆಲಸ ಬಿಟ್ಟೆ, ಆದರೆ ಬಿಟ್ಟಿದ್ದರಿಂದ ಆ ಅಜ್ಜಿಗೆ ಏನೂ ಉಪಯೋಗ ಆಗಲಿಲ್ಲ.

ಲೀಕ್ ಆಗೋದನ್ನು ಪೂರ್ತಿ ತಪ್ಪಿಸೋಕೆ ಯಾರಿಂದಲೂ ಆಗಲ್ಲ ಸರ್. ಹೇಳೋದು ನಮ್ಮ ಕೈಯಲ್ಲಿದೆ. ಹೇಳಿದವರಿಗೆ ಆಗುವ ತೊಂದರೆಗಿಂತ ಮುಚ್ಚಿಟ್ಟು ಸಿಕ್ಕಿಬಿದ್ದವರಿಗೆ ಆಗೋದು ಬಹಳ ಜಾಸ್ತಿ, ಇದನ್ನು ಕಣ್ಣಾರೆ ನೋಡಿದ್ದೇನೆ. ಆ ನಿಯಮದ ವ್ಯಾಪ್ತಿಗೆ ಬರುವ ದೊಡ್ಡ ದಾಸ್ತಾನಿನವರು ಆರು ತಿಂಗಳಿಗೊಮ್ಮೆ ಅಣಕು ಕವಾಯತು ಮಾಡಬೇಕು. ಮಾಡುವಾಗ ಹಿಂದಿನ ಕೇರಿಯವರನ್ನೂ ಕರೆಯಿರಿ.

ಸಾಗರದ ಹುಡುಗಿ, ಈಗ ಟೆಕ್ಸಾಸ್

ನಾನು ಇಲ್ಲಿ ಅಮೆರಿಕದಲ್ಲಿ ಒಂದು ಕಾರ್ಖಾನೆಯ ಪರಿಸರ ವಿಭಾಗದಲ್ಲಿದ್ದೇನೆ. ಊರಿನ ಹಳ್ಳದ ಸುದ್ದಿ ಓದಿ ರಾತ್ರಿ ನಿದ್ದೆ ಬರಲಿಲ್ಲ.

ಇಲ್ಲಿ ಹೇಗಿದೆ ಅಂತ ಹೇಳುತ್ತೇನೆ, ಹೋಲಿಸಿ ನೋಡೋಕೆ. ಇಲ್ಲಿ ಪ್ರತಿ ರಾಸಾಯನಿಕಕ್ಕೂ ಒಂದು ಅಂಕೆ ಇದೆ. 24 ಗಂಟೆಯೊಳಗೆ ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಹೊರಗೆ ಹೋದರೆ ತಕ್ಷಣ ವರದಿ ಮಾಡಲೇಬೇಕು. ಕ್ಲೋರಿನ್‌ಗೆ 10 ಪೌಂಡ್, ಅಂದರೆ ಸುಮಾರು ನಾಲ್ಕೂವರೆ ಕೆಜಿ. ಅಮೋನಿಯಾಕ್ಕೆ 100 ಪೌಂಡ್. ಗಂಧಕಾಮ್ಲಕ್ಕೆ 1000. ನಿಮ್ಮ ಹಳ್ಳಕ್ಕೆ ಬಿದ್ದ ಹೈಡ್ರೋಕ್ಲೋರಿಕ್ ಆಸಿಡ್‌ಗೆ 5000 ಪೌಂಡ್, ಸುಮಾರು 2270 ಕೆಜಿ. ಹಗಲು ರಾತ್ರಿ ಫೋನ್ ಎತ್ತುವ ಒಂದು ರಾಷ್ಟ್ರೀಯ ಕೇಂದ್ರ ಇದೆ, ಕರಾವಳಿ ಕಾವಲು ಪಡೆ ನಡೆಸುತ್ತದೆ. ಅದರ ಜೊತೆಗೆ ರಾಜ್ಯದ ಮತ್ತು ಸ್ಥಳೀಯ ಸಮಿತಿಗೂ ಹೇಳಬೇಕು, ಆಮೇಲೆ ಬರವಣಿಗೆಯಲ್ಲಿ ವರದಿ ಕೊಡಬೇಕು. ರಸ್ತೆ ಮೇಲಿನ ಗಾಡಿಯಾದರೆ ಸ್ಥಳೀಯರಿಗೆ ಹೇಳೋದಕ್ಕೆ 911ಕ್ಕೆ ಒಂದು ಕರೆ ಸಾಕು ಅಂತ ಕಾನೂನಿನಲ್ಲೇ ಬರೆದಿದೆ.

ಈ ಸ್ಥಳೀಯ ಸಮಿತಿಯ ಕಾನೂನು ಬಂದದ್ದು 1986ರಲ್ಲಿ. ಭೋಪಾಲಿನಲ್ಲಿ 1984ರ ಡಿಸೆಂಬರ್ 2ರ ರಾತ್ರಿ ಆದದ್ದನ್ನು ನೋಡಿಯೇ ಇವರು ಅದನ್ನು ಮಾಡಿಕೊಂಡದ್ದು. ನಮ್ಮ ಪರಿಸರ ಸಂರಕ್ಷಣಾ ಕಾಯ್ದೆಯೂ ಅದೇ ವರ್ಷದ್ದು, ಅದೇ ದುಃಖದಿಂದ ಹುಟ್ಟಿದ್ದು.

ಫೋನಿನಲ್ಲಿ ಏನು ಹೇಳಬೇಕು ಅನ್ನೋದನ್ನು ಇಲ್ಲಿ ನಮಗೆ ಕಲಿಸುತ್ತಾರೆ. ಯಾವ ವಸ್ತು, ಅಂದಾಜು ಎಷ್ಟು, ಎಷ್ಟು ಗಂಟೆಗೆ ಶುರುವಾಯಿತು, ಈಗಲೂ ಸೋರುತ್ತಿದೆಯಾ, ಗಾಳಿಗೆ ಹೋಯಿತಾ ನೀರಿಗೆ ಹೋಯಿತಾ ಮಣ್ಣಿಗೆ ಹೋಯಿತಾ, ಜನ ಏನು ಎಚ್ಚರಿಕೆ ವಹಿಸಬೇಕು, ಮತ್ತೆ ಯಾರಿಗೆ ಫೋನ್ ಮಾಡಿದರೆ ಇನ್ನಷ್ಟು ತಿಳಿಯುತ್ತದೆ. ಊರಿನವರು 112ಕ್ಕೆ ಕರೆ ಮಾಡುವಾಗಲೂ ಇದೇ ಕ್ರಮದಲ್ಲಿ ಹೇಳಿ. ಫಲಕದ ಆ ನಾಲ್ಕು ಅಂಕೆಯನ್ನು ಮೊದಲು ಹೇಳಿ. "ಯಾವುದೋ ಆಸಿಡ್" ಅನ್ನೋದಕ್ಕೂ "1789" ಅನ್ನೋದಕ್ಕೂ ಬಹಳ ವ್ಯತ್ಯಾಸ ಇದೆ. ಹೊಗೆಯ ಹತ್ತಿರ ಹೋಗಿ ಓದಬೇಡಿ. ದೂರ ನಿಂತು ಮೊಬೈಲಿನಲ್ಲಿ ದೊಡ್ಡದು ಮಾಡಿ ಫೋಟೋ ತೆಗೆಯಿರಿ.

ನೀರುಗಂಟಿ, ತೀರ್ಥಹಳ್ಳಿ ಕಡೆ

ನಾನು ಪಂಚಾಯ್ತಿ ನೀರು ಬಿಡುವವನು. ಬೆಳಗ್ಗೆ ಐದಕ್ಕೆ ಪಂಪ್ ಹಾಕುತ್ತೇನೆ. ಹೊಳೆ ಪಕ್ಕದ ಬಾವಿಯಿಂದ ನೀರು ಮೇಲಿನ ಟ್ಯಾಂಕಿಗೆ ಹೋಗಿ 140 ಮನೆಗೆ ಇಳಿಯುತ್ತದೆ. ಮೇಲೆ ಎಲ್ಲೋ ರಾತ್ರಿ ಎರಡಕ್ಕೆ ಚೆಲ್ಲಿದರೆ, ನನಗೆ ಯಾರಾದರೂ ನಾಲ್ಕೂಮುಕ್ಕಾಲಿಗೆ ಫೋನ್ ಮಾಡಿದರೂ ಸಾಕು, ಸ್ವಿಚ್ ಹಾಕಲ್ಲ. ಅಷ್ಟೇ ಕೆಲಸ. ಆದರೆ ನನ್ನ ನಂಬರ್ ಠಾಣೆಯಲ್ಲೂ ಇಲ್ಲ, ತಾಲೂಕು ಕಚೇರಿಯಲ್ಲೂ ಇಲ್ಲ. ವಕೀಲರು ಹೇಳಿದ ಪಟ್ಟಿಯಲ್ಲಿ ಎಲ್ಲ ಅಧಿಕಾರಿಗಳೂ ಇದ್ದಾರೆ. ನೀರು ಬಿಡುವವನು ಎಲ್ಲಿದ್ದಾನೆ ಅಕ್ಕ?

ಕರಿಕೋಟು, ಶಿವಮೊಗ್ಗ

ತಮ್ಮಾ, ನೀವು ಕೇಳಿದ್ದು ಇಡೀ ಚರ್ಚೆಯಲ್ಲೇ ಮುಖ್ಯವಾದ ಪ್ರಶ್ನೆ. ಕಾನೂನಿನಲ್ಲಿ ನಿಮ್ಮ ಹೆಸರು ನೇರವಾಗಿ ಇಲ್ಲ. ಚಾಲಕ ಪೊಲೀಸರಿಗೆ ಹೇಳಬೇಕು, ಕಾರ್ಖಾನೆ ಮಂಡಳಿಗೆ ಹೇಳಬೇಕು, ಅಲ್ಲಿಂದ ಕೆಳಕ್ಕೆ ಸುದ್ದಿ ಇಳಿಸೋದು ಆಡಳಿತದ ಕೆಲಸ ಅಂತ ಕಾನೂನು ನಂಬಿಕೊಂಡಿದೆ. ಅದಕ್ಕೇ ರಾಸಾಯನಿಕ ಅಪಘಾತಗಳ ನಿಯಮ 1996 ಬಂದದ್ದು. ಅದರ ಪ್ರಕಾರ ಜಿಲ್ಲಾಧಿಕಾರಿ ಅಧ್ಯಕ್ಷತೆಯಲ್ಲಿ ಜಿಲ್ಲಾ ಮಟ್ಟದ ಸಮಿತಿ, ಉಪವಿಭಾಗಾಧಿಕಾರಿ ಅಧ್ಯಕ್ಷತೆಯಲ್ಲಿ ಸ್ಥಳೀಯ ಸಮಿತಿ ಇರಬೇಕು. ಆಗಬಹುದಾದ ರಾಸಾಯನಿಕ ಅಪಘಾತದ ಬಗ್ಗೆ ಕೇಳಿದವರಿಗೆ ಮಾಹಿತಿ ಕೊಡೋದೂ ಸ್ಥಳೀಯ ಸಮಿತಿಯ ಕೆಲಸ. ಹಾಗಾಗಿ ನಿಮ್ಮ ಪಂಚಾಯ್ತಿಯಿಂದ ಒಂದು ಠರಾವು ಮಾಡಿಸಿ, ಹೊಳೆಗುಂಟ ಇರುವ ನೀರುಗಂಟಿಗಳ ಹೆಸರು, ನಂಬರ್ ಜಿಲ್ಲಾಧಿಕಾರಿ ಕಚೇರಿಗೆ, ಠಾಣೆಗೆ, ಅಗ್ನಿಶಾಮಕ ಠಾಣೆಗೆ ಕೊಡಿ. ಸ್ವೀಕೃತಿ ತೆಗೆದುಕೊಳ್ಳಿ. ಜಿಲ್ಲಾ ವಿಕೋಪ ನಿಯಂತ್ರಣ ಕೊಠಡಿಯ ನಂಬರ್ 1077, ಅದನ್ನು ಪಂಪ್‌ಹೌಸ್ ಗೋಡೆ ಮೇಲೆ ಬರೆದಿಡಿ.

ನಮ್ಮ ಶಿವಮೊಗ್ಗದ ಹತ್ತಿರ ಹುಣಸೋಡಿನಲ್ಲಿ 2021ರ ಜನವರಿ 21ರ ರಾತ್ರಿ ಸ್ಫೋಟಕ ಸಿಡಿದಾಗ ನಾವೆಲ್ಲ ಭೂಕಂಪ ಅಂತ ಮನೆಯಿಂದ ಹೊರಗೆ ಓಡಿ ಬಂದೆವು, ನೆನಪಿದೆಯಾ? ಆ ಕತ್ತಲಲ್ಲಿ ಏನಾಯಿತು ಅಂತ ಒಬ್ಬರಿಗೊಬ್ಬರು ಕೇಳುತ್ತಾ ನಿಂತದ್ದು ನಾನಂತೂ ಮರೆತಿಲ್ಲ. ಸುದ್ದಿ ಯಾರಿಂದ ಯಾರಿಗೆ ಹೋಗಬೇಕು ಅನ್ನೋದು ಮೊದಲೇ ಬರೆದಿಟ್ಟಿರಬೇಕು.

ಅಡಿಕೆ ಕೊಯ್ಲು

ನಾವು ತೋಟದವರೂ ಒಂದು ಮಾತು ಆಡಿಕೊಳ್ಳಬೇಕು. ಕೊಳೆ ಔಷಧಿ ಹೊಡೆದು ಮೈಲುತುತ್ತದ ಡ್ರಮ್ಮನ್ನು ಹಳ್ಳದಲ್ಲೇ ತೊಳೆಯುವವರು ನಮ್ಮಲ್ಲಿ ಇದ್ದಾರೆ. ಅದರಲ್ಲಿರುವ ತಾಮ್ರ ಮೀನಿಗೆ ವಿಷ. ನೂರು ಲೀಟರಿಗೆ ಒಂದು ಕೆಜಿ ಹಾಕಿದ ನೀರು ಅದು. ಜಲ ಕಾಯ್ದೆಯ ಕಲಂ 24 ಗೊತ್ತಿದ್ದೂ ಹಳ್ಳಕ್ಕೆ ವಿಷ ಬಿಡಬಾರದು ಅನ್ನುತ್ತದೆ, ಅದು ಕಾರ್ಖಾನೆಗೆ ಮಾತ್ರ ಅಂತ ಇಲ್ಲ. ನಾನು ಹೋದ ವರ್ಷದಿಂದ ಡ್ರಮ್ ತೊಳೆದ ನೀರನ್ನು ಮುಂದಿನ ಮಿಶ್ರಣಕ್ಕೇ ಹಾಕುತ್ತಿದ್ದೇನೆ.

ಹಳ್ಳದಂಚಿನ ತೋಟ, ಹೊಸನಗರ ಕಡೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾನು ಅವತ್ತು ಎರಡು ಬಾಟಲಿ ನೀರು ತುಂಬಿಸಿ ಇಟ್ಟಿದ್ದೆ, ಇನ್ನೂ ಇದೆ. ಅದು ಸಾಕ್ಷಿ ಆಗುತ್ತದಾ? ಈಗ ಏಳು ತಿಂಗಳಾಯಿತು, ತಡ ಆಯಿತಾ? ಬಾವಿ ಎರಡು ಸಲ ಖಾಲಿ ಮಾಡಿಸಿದ್ದೇವೆ, ಖರ್ಚು ನಮ್ಮದೇ.

ಕರಿಕೋಟು, ಶಿವಮೊಗ್ಗ

ಬಾಟಲಿ ಇರಲಿ, ಎಸೆಯಬೇಡಿ. ಆದರೆ ಜಲ ಕಾಯ್ದೆಯ ಕೇಸಿನಲ್ಲಿ ಮಂಡಳಿಯವರು ಕ್ರಮಪ್ರಕಾರ ತೆಗೆದ ಮಾದರಿಗೇ ಬೆಲೆ, ಅದು ಕಲಂ 21. ಮುಂದೆ ಹೀಗಾದರೆ ಅವತ್ತೇ ಮಂಡಳಿಯ ಶಿವಮೊಗ್ಗ ಪ್ರಾದೇಶಿಕ ಕಚೇರಿಗೆ ಫೋನ್ ಮಾಡಿ, ಬಂದು ಮಾದರಿ ತೆಗೆಯಿರಿ ಅಂತ ಬರೆದೂ ಕಳಿಸಿ. ಜೊತೆಗೆ ಪಿಡಿಒ ಮುಂದೆ ನೀವೂ ಒಂದು ತುಂಬಿಸಿಟ್ಟುಕೊಳ್ಳಿ.

ತಡ ಆಗಿಲ್ಲ. ಹಸಿರು ನ್ಯಾಯಮಂಡಳಿ ಕಾಯ್ದೆ 2010ರ ಕಲಂ 15ರಲ್ಲಿ ಪರಿಹಾರ ಕೇಳೋಕೆ ಐದು ವರ್ಷ ಇದೆ, ನಮಗೆ ಚೆನ್ನೈ ಪೀಠ. ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ 1991ರಲ್ಲೂ ಜಿಲ್ಲಾಧಿಕಾರಿಗೆ ಅರ್ಜಿ ಹಾಕೋಕೆ ಐದು ವರ್ಷ. ಅದರಲ್ಲಿ ತಪ್ಪು ಯಾರದು ಅಂತ ನೀವು ಸಾಬೀತು ಮಾಡಬೇಕಿಲ್ಲ, ವಾಹನದಲ್ಲಿ ಸಾಗಿಸೋದೂ ಅದರ ವ್ಯಾಪ್ತಿಯಲ್ಲಿದೆ. ವಸ್ತು ಮತ್ತು ಪ್ರಮಾಣ ಅದರ ಪಟ್ಟಿಗೆ ಹೊಂದುತ್ತದಾ ಅಂತ ನಾನು ನೋಡುತ್ತೇನೆ. ಇನ್ನು ಪರಿಸರ ಕಾಯ್ದೆಯಲ್ಲಿ ಮೊದಲು ಜೈಲು ಇತ್ತು, 2023ರ ಜನ ವಿಶ್ವಾಸ ಕಾಯ್ದೆ ಬಂದ ಮೇಲೆ ಅದರ ಬದಲು ದಂಡ ಮಾಡಿದ್ದಾರೆ. ನನಗೆ ಅದು ಸರಿ ಕಾಣಲ್ಲ. ಆದರೂ ಕಲಂ 9ರಲ್ಲಿ ಸರ್ಕಾರ ಪರಿಹಾರ ಕೆಲಸಕ್ಕೆ ಮಾಡಿದ ಖರ್ಚನ್ನು ಬಡ್ಡಿ ಸಮೇತ ಕಾರಣರಾದವರಿಂದ ವಸೂಲಿ ಮಾಡಬಹುದು ಅಂತ ಇದೆ.

ಮೊದಲ ಕೆಲಸ, ಮಾಹಿತಿ ಹಕ್ಕಿನಲ್ಲಿ ಠಾಣೆಗೆ ಅರ್ಜಿ ಹಾಕಿ. ಅವತ್ತು ರಾತ್ರಿ ಅಪಘಾತದ ಮಾಹಿತಿ ಎಷ್ಟು ಗಂಟೆಗೆ ಬಂತು, ಯಾರಿಂದ ಬಂತು, ಆಮೇಲೆ ಯಾರಿಗೆ ತಿಳಿಸಿದರು. ಇಷ್ಟೇ ಕೇಳಿ.

ಹಳ್ಳದಂಚಿನ ತೋಟ, ಹೊಸನಗರ ಕಡೆ

ಸರಿ ಅಕ್ಕ. ಅರ್ಜಿ ಬರೆದು ಇಲ್ಲೇ ಹಾಕುತ್ತೇನೆ, ನೋಡಿ ತಿದ್ದಿಕೊಡಿ. ನೀರುಗಂಟಿ ಅಣ್ಣ, ನಿಮ್ಮ ನಂಬರ್ ನನಗೆ ಖಾಸಗಿಯಾಗಿ ಕಳಿಸಿ. ನಮ್ಮ ಹಳ್ಳ ಕೊನೆಗೆ ಬಂದು ಸೇರೋದು ನಿಮ್ಮ ಕಡೆಗೇ.

ನೀರುಗಂಟಿ, ತೀರ್ಥಹಳ್ಳಿ ಕಡೆ

ಕಳಿಸಿದ್ದೇನೆ ಅಣ್ಣ. ರಾತ್ರಿ ಎಷ್ಟು ಹೊತ್ತಿಗಾದರೂ ಮಾಡಿ, ಎತ್ತುತ್ತೇನೆ.